ಕಾಯಿ ಕೊಟ್ಟು ಗೆಲ್ಲುವ ನಡೆ ಹೊಳೆಯುವುದು ಹೇಗೆ?

ಪ್ರಶ್ನೆ: ನಾನು ಚದುರಂಗವನ್ನು ಹೊಸದಾಗಿ ಕಲಿಯುತ್ತಿದ್ದೇನೆ. ಒಗಟುಗಳನ್ನು ಬಿಡಿಸುವಾಗ ರಾಣಿಯನ್ನೋ ಆನೆಯನ್ನೋ ಬಲಿ ಕೊಟ್ಟು ಚೆಕ್‌ಮೇಟ್ ಮಾಡುವ ನಡೆ ಬಹುಮಟ್ಟಿಗೆ ಸಿಕ್ಕಿಬಿಡುತ್ತದೆ. ಆದರೆ ನಿಜವಾದ ಆಟದಲ್ಲಿ ಅಂಥ ನಡೆ ಕಣ್ಣಿಗೇ ಬೀಳುವುದಿಲ್ಲ. ಬಿತ್ತೆಂದು ಧೈರ್ಯಮಾಡಿ ಕಾಯಿ ಕೊಟ್ಟರೆ, ಎದುರಾಳಿ ಅದನ್ನು ಹೊಡೆದುಕೊಂಡು ನಿರಾಯಾಸವಾಗಿ ಗೆಲ್ಲುತ್ತಾರೆ. ಗೆಲ್ಲಿಸುವ ಬಲಿಯನ್ನು ಗುರುತಿಸುವುದಕ್ಕೆ ಏನಾದರೂ ಕ್ರಮವಿದೆಯೇ?

ಉತ್ತರ: ಒಗಟು ನಿಮ್ಮ ಮುಂದೆ ಬರುವಾಗಲೇ ಅರ್ಧ ಉತ್ತರವನ್ನು ಹೊತ್ತು ತಂದಿರುತ್ತದೆ, ಇಲ್ಲಿ ಏನೋ ಇದೆ, ಹುಡುಕಿ ಎಂದು ಅದು ಮೊದಲೇ ಹೇಳಿಬಿಟ್ಟಿರುತ್ತದೆ. ಆಟದಲ್ಲಿ ಹಾಗೆ ಎಚ್ಚರಿಸುವವರು ಯಾರೂ ಇಲ್ಲ. ಆದ್ದರಿಂದ ಎಲ್ಲಿ ನಿಂತು ಹುಡುಕಬೇಕು ಎಂಬುದನ್ನು ಹಾಸಿನ ಮೇಲಿನ ಕಾಯಿಗಳಿಂದಲೇ ಓದಿಕೊಳ್ಳುವ ಅಭ್ಯಾಸ ನಿಮಗೆ ಈಗ ಬೇಕಾಗಿದೆ.

ಮೊದಲು ಎದುರಾಳಿಯ ರಾಜನನ್ನು ನೋಡಿ. ಕ್ಯಾಸ್ಲಿಂಗ್ (ರಾಜನನ್ನು ಆನೆಯ ಕಡೆಗೆ ಸರಿಸಿ ಭದ್ರಪಡಿಸುವ ನಡೆ) ಆಗಿದೆಯೇ, ರಾಜ ಇನ್ನೂ ನಡುವಿನಲ್ಲೇ ಉಳಿದಿದೆಯೇ, ಅದಕ್ಕೆ ತಪ್ಪಿಸಿಕೊಳ್ಳಲು ಎಷ್ಟು ಮನೆಗಳಿವೆ, ಅವುಗಳಲ್ಲಿ ಎಷ್ಟನ್ನು ಅದರ ಸ್ವಂತ ಕಾಯಿಗಳೇ ಮುಚ್ಚಿವೆ ಎಂಬುದನ್ನು ಗಮನಿಸಿ. ಆಮೇಲೆ ರಾಜನ ಸುತ್ತ ನಿಮ್ಮ ಎಷ್ಟು ಕಾಯಿಗಳು ಬಂದು ಮುಟ್ಟಬಲ್ಲವು, ಕಾಯುವ ಕಾಯಿಗಳು ಎಷ್ಟಿವೆ ಎಂದು ಎಣಿಸಿ. ದಾಳಿಗೆ ಒಂದೇ ಕಾಯಿ ಇರುವಲ್ಲಿ ಬಲಿಯ ಯೋಚನೆಯನ್ನು ಸಾಮಾನ್ಯವಾಗಿ ಕೈಬಿಡಬಹುದು. ಕೊಟ್ಟ ಮೇಲೆ ಕೆಲಸ ಮುಗಿಸುವುದಕ್ಕೆ ಕಾಯಿ ಉಳಿದಿರಬೇಕಲ್ಲ.

ಎರಡನೆಯದು ಇದಕ್ಕಿಂತ ಸೂಕ್ಷ್ಮ, ಮತ್ತು ನನ್ನ ಅಭಿಪ್ರಾಯದಲ್ಲಿ ಹೆಚ್ಚು ಫಲ ಕೊಡುವಂಥದ್ದು. ಎದುರಾಳಿಯ ಪ್ರತಿಯೊಂದು ಕಾಯಿ ಯಾವ ಕೆಲಸಕ್ಕಾಗಿ ಅಲ್ಲಿ ನಿಂತಿದೆ ಎಂದು ಕೇಳಿಕೊಳ್ಳಿ. ಒಂದು ಕಾಯಿಯ ಮೇಲೆ ಎರಡು ಕೆಲಸಗಳು ಬಿದ್ದಿದ್ದರೆ, ಅಥವಾ ಅದು ಒಂದೇ ಕೆಲಸ ಮಾಡುತ್ತಿದ್ದರೂ ಆ ಕೆಲಸ ತಪ್ಪಿದ ಕೂಡಲೇ ರಾಜ ಬೀಳುವಂತಿದ್ದರೆ, ಆ ಕಾಯಿಯನ್ನು ಅಲ್ಲಿಂದ ಎಳೆದುಹಾಕುವ ದಾರಿಯನ್ನು ಹುಡುಕಬೇಕು. ಬಲಿ ಎನ್ನುವುದು ಬಹಳ ಸಲ ಹೀಗೆ ಎಳೆಯುವುದಕ್ಕೆ ಕೊಡುವ ಬೆಲೆಯಷ್ಟೇ.

ಅಮೆರಿಕದ ಆಟಗಾರ ಪಾಲ್ ಮಾರ್ಫಿ 1858ರಲ್ಲಿ ಪ್ಯಾರಿಸ್ಸಿನ ಒಪೆರಾ ಮಂದಿರದಲ್ಲಿ, ಒಟ್ಟಾಗಿ ಸಮಾಲೋಚಿಸಿ ಆಡುತ್ತಿದ್ದ ಇಬ್ಬರ ವಿರುದ್ಧ ಆಡಿದ ಆಟದ ಕೊನೆಯನ್ನು ಹಾಸಿನ ಮೇಲೆ ಜೋಡಿಸಿ ನೋಡಿ. (ಮನೆಯ ಹೆಸರಿನಲ್ಲಿ ಎಯಿಂದ ಎಚ್‌ವರೆಗಿನ ಅಕ್ಷರ ಉದ್ದಸಾಲನ್ನು, 1ರಿಂದ 8ರವರೆಗಿನ ಅಂಕಿ ಬಿಳಿಯ ಕಡೆಯಿಂದ ಎಣಿಸಿದ ಅಡ್ಡಸಾಲನ್ನು ಹೇಳುತ್ತದೆ.) ಕಪ್ಪು ರಾಜ ಇನ್ನೂ ಇ8ರಲ್ಲಿದೆ, ಅದರ ಪಕ್ಕದ ಎಫ್8ರಲ್ಲಿ ಒಂಟೆ ಮೂಲಮನೆಯಿಂದ ಹೊರಬಂದೇ ಇಲ್ಲ, ಎಫ್7ರಲ್ಲಿ ಸ್ವಂತ ಪದಾತಿ ನಿಂತಿದೆ. ಬಿಳಿಯ ಒಂಟೆ ಜಿ5ರಿಂದ ಇ7 ಮತ್ತು ಡಿ8 ಎರಡನ್ನೂ ನೋಡುತ್ತಿದೆ, ಆನೆ ಡಿ1ರಲ್ಲಿದೆ. ಆನೆ ಡಿ8ಕ್ಕೆ ಹೋದರೆ ಆಟ ಮುಗಿಯುತ್ತದೆ, ಆದರೆ ದಾರಿಯಲ್ಲಿ ಡಿ7ರ ಕಪ್ಪು ಕುದುರೆ ಅಡ್ಡ ಕುಳಿತಿದೆ. ಮಾರ್ಫಿ ರಾಣಿಯನ್ನು ಬಿ8ರಲ್ಲಿಟ್ಟು ಚೆಕ್ ಕೊಟ್ಟರು. ರಾಜನಿಗೆ ಓಡಲು ಮನೆಯಿಲ್ಲ, ನಡುವೆ ತಂದಿಡಲು ಕಾಯಿಯಿಲ್ಲ. ಉಳಿದದ್ದು ಒಂದೇ ದಾರಿ, ಆ ಕುದುರೆಯೇ ರಾಣಿಯನ್ನು ಹೊಡೆಯಬೇಕು. ಕುದುರೆ ಬಿ8ಕ್ಕೆ ಹೋದ ಕೂಡಲೇ ಡಿ ಸಾಲು ತೆರೆಯಿತು, ಆನೆ ಡಿ8ಕ್ಕೆ ಬಂದು ಮೇಟ್ ಆಯಿತು.

ಇಲ್ಲಿ ಯೋಚನೆ ಸಾಗಬೇಕಾದ ದಿಕ್ಕನ್ನು ಗಮನಿಸಿ. ‘ರಾಣಿಯನ್ನು ಎಲ್ಲಿ ಕೊಡಲಿ’ ಎಂದು ಹೊರಟವರಿಗೆ ಬಿ8 ಎಂದೂ ಹೊಳೆಯದು. ‘ಡಿ8ರಲ್ಲಿ ಆನೆ ಇದ್ದರೆ ಮೇಟ್, ಅಡ್ಡಿಯಾಗಿರುವುದು ಕುದುರೆ, ಅದನ್ನು ಎಬ್ಬಿಸುವುದು ಹೇಗೆ’ ಎಂದು ಕೊನೆಯಿಂದ ಹಿಂದಕ್ಕೆ ಬಂದವರಿಗೆ ಮಾತ್ರ ಅದು ಹೊಳೆಯುತ್ತದೆ. ಹಾಗೆ ಹಿಂದಕ್ಕೆ ಬರಬೇಕಾದರೆ ಮೇಟ್ ಆಗುವ ಕೊನೆಯ ಚಿತ್ರಗಳು ಮೊದಲೇ ತಲೆಯಲ್ಲಿ ಇರಬೇಕು: ಮೂರು ಪದಾತಿಗಳ ಹಿಂದೆ ಸಿಕ್ಕಿಬಿದ್ದ ರಾಜನಿಗೆ ಕೊನೆಯ ಅಡ್ಡಸಾಲಿನಲ್ಲಿ ಆನೆ ಕೊಡುವ ಮೇಟ್, ತನ್ನವರೇ ಸುತ್ತುವರಿದು ಉಸಿರಾಡಲಾಗದ ರಾಜನಿಗೆ ಒಂಟಿ ಕುದುರೆ ಕೊಡುವ ಮೇಟ್, ಆನೆ ಮತ್ತು ಒಂಟೆ ಸೇರಿ ಕೊಡುವ ಈ ಮೇಲಿನ ಮೇಟ್. ಇಂಥವನ್ನು ಬಲಿಯ ಗೊಡವೆಯಿಲ್ಲದೆ, ಒಂದೇ ನಡೆಯ ಒಗಟುಗಳಾಗಿ ಬೇಕಾದಷ್ಟು ಬಿಡಿಸಿ. ಹೊಸಬರು ಇದನ್ನು ಮಕ್ಕಳಾಟವೆಂದು ದಾಟಿಬಿಡುತ್ತಾರೆ. ಆಮೇಲೆ ಬಲಿ ಕಾಣುವುದಿಲ್ಲವೆಂದು ಕೊರಗುತ್ತಾರೆ.

ಇನ್ನು ಕೊಟ್ಟ ಬಲಿ ಕೈಕೊಡುವ ವಿಷಯ. ಹದಿನೆಂಟನೆಯ ಶತಮಾನದ ಫ್ರೆಂಚ್ ಆಟಗಾರ ಲೆಗಾಲ್ ಅವರ ಹೆಸರಿನಲ್ಲಿ ಉಳಿದಿರುವ ಒಂದು ಬಲೆಯನ್ನು ತೆಗೆದುಕೊಳ್ಳೋಣ. ಎರಡೂ ಕಡೆಯ ರಾಜನ ಪದಾತಿಗಳು ಇ4, ಇ5ಕ್ಕೆ ಬರುತ್ತವೆ. ಬಿಳಿ ಕುದುರೆ ಎಫ್3ಕ್ಕೆ, ಕಪ್ಪು ಪದಾತಿ ಡಿ6ಕ್ಕೆ. ಬಿಳಿ ಒಂಟೆ ಸಿ4ಕ್ಕೆ, ಕಪ್ಪು ಒಂಟೆ ಜಿ4ಕ್ಕೆ. ಬಿಳಿಯ ಇನ್ನೊಂದು ಕುದುರೆ ಸಿ3ಕ್ಕೆ, ಕಪ್ಪು ಪದಾತಿ ಜಿ6ಕ್ಕೆ. ಎಫ್3ರ ಕುದುರೆ ಕದಲಿದರೆ ಅದರ ಹಿಂದಿರುವ ರಾಣಿ ಹೋಗುತ್ತದೆ. ಆದರೂ ಬಿಳಿ ಆ ಕುದುರೆಯಿಂದಲೇ ಇ5ರ ಪದಾತಿಯನ್ನು ಹೊಡೆಯುತ್ತದೆ. ಕಪ್ಪು ಒಂಟೆ ಡಿ1ರ ರಾಣಿಯನ್ನು ಹೊಡೆದರೆ, ಬಿಳಿ ಒಂಟೆ ಎಫ್7ರಲ್ಲಿ ಚೆಕ್ ಕೊಡುತ್ತದೆ. ರಾಜನಿಗೆ ಇ7 ಒಂದೇ ಮನೆ, ಮತ್ತು ಸಿ3ರ ಕುದುರೆ ಡಿ5ಕ್ಕೆ ಹಾರಿದಾಗ ಮೇಟ್. ಕಪ್ಪು ಆಸೆಪಡದೆ ಡಿ6ರ ಪದಾತಿಯಿಂದ ಇ5ರ ಕುದುರೆಯನ್ನು ಹೊಡೆದರೆ, ಬಿಳಿ ರಾಣಿ ಜಿ4ರ ಒಂಟೆಯನ್ನು ಹೊಡೆಯುತ್ತದೆ. ಲೆಕ್ಕದಲ್ಲಿ ಬಿಳಿಗೆ ಒಂದು ಪದಾತಿ ಲಾಭ. ರಾಣಿಯನ್ನು ಹೊಡೆದರೂ, ಕುದುರೆಯನ್ನು ಹೊಡೆದರೂ ಬಿಳಿಗೆ ನಷ್ಟವಿಲ್ಲವಾದ್ದರಿಂದ ಇದು ಸರಿಯಾದ ಬಲಿ.

ಈಗ ಒಂದೇ ಒಂದು ಬದಲಾವಣೆ ಮಾಡಿ. ಕಪ್ಪು ಕೊನೆಯ ನಡೆಯಲ್ಲಿ ಪದಾತಿಯನ್ನು ಜಿ6ಕ್ಕೆ ತಳ್ಳುವ ಬದಲು ತನ್ನ ಕುದುರೆಯನ್ನು ಸಿ6ಕ್ಕೆ ತಂದಿದೆ ಎಂದಿಟ್ಟುಕೊಳ್ಳಿ. ಬಿಳಿ ಮತ್ತೆ ಇ5ರಲ್ಲಿ ಹೊಡೆದರೆ, ಕಪ್ಪು ಆ ಸಿ6ರ ಕುದುರೆಯಿಂದಲೇ ಹೊಡೆಯುತ್ತದೆ. ಅದು ಈಗ ಇ5ರಲ್ಲಿ ಕುಳಿತು ಜಿ4ರ ತನ್ನ ಒಂಟೆಯನ್ನು ಕಾಯುತ್ತ, ಸಿ4ರ ಬಿಳಿ ಒಂಟೆಯ ಮೇಲೂ ಕಣ್ಣಿಟ್ಟಿರುತ್ತದೆ. ಬಿಳಿ ಒಂದು ಪದಾತಿಗಾಗಿ ಕುದುರೆಯನ್ನು ಕಳೆದುಕೊಂಡಂತಾಯಿತು. ಚಿತ್ರ ಒಂದೇ, ಬಲಿ ಒಂದೇ, ಆದರೆ ಒಂದು ಕುದುರೆ ನಿಂತ ಜಾಗ ಇಡೀ ಫಲಿತಾಂಶವನ್ನು ತಿರುಗಿಸಿತು. ಈ ಎರಡನೆಯ ಸ್ಥಿತಿಯಲ್ಲೂ ಕಪ್ಪು ದುರಾಸೆಯಿಂದ ರಾಣಿಯನ್ನೇ ಹೊಡೆದರೆ ಅದೇ ಮೇಟ್ ಆಗುತ್ತದೆ ಎಂಬುದು ಇದರ ಅಪಾಯಕಾರಿ ಭಾಗ. ಹಾಗೆ ಗೆದ್ದವರು ಇದು ಎಲ್ಲೆಡೆಯೂ ನಡೆಯುತ್ತದೆಂದು ನಂಬಿಬಿಡುತ್ತಾರೆ.

ಆದ್ದರಿಂದ ಬಲಿಯ ನಡೆ ಕಂಡ ಮೇಲೆ ಕೈಯನ್ನು ಹಿಂದಿಟ್ಟುಕೊಂಡು ಎದುರಾಳಿಯ ಪರವಾಗಿ ಯೋಚಿಸಿ. ಆ ಕಾಯಿಯನ್ನು ಹೊಡೆಯಬಲ್ಲ ಕಾಯಿಗಳು ಒಂದಕ್ಕಿಂತ ಹೆಚ್ಚಿದ್ದರೆ ಪ್ರತಿಯೊಂದರಿಂದಲೂ ಹೊಡೆಸಿ ನೋಡಬೇಕು. ಹೊಡೆಯದೆ ಸುಮ್ಮನಿದ್ದರೆ ಏನಾಗುತ್ತದೆಂದು ನೋಡಬೇಕು. ನಡುವೆ ಅವರೇ ನಿಮಗೆ ಚೆಕ್ ಕೊಡಬಲ್ಲರೇ ಎಂಬುದನ್ನಂತೂ ಮರೆಯಲೇಬಾರದು. ಚೆಕ್‌ಗಳಿಂದ ಕೂಡಿದ ಬಲಿಯನ್ನು ಹೊಸಬರು ಕೊನೆಯವರೆಗೆ ಎಣಿಸಬಲ್ಲರು, ಏಕೆಂದರೆ ಎದುರಾಳಿಗೆ ಉತ್ತರಗಳು ಕಡಿಮೆ. ಚೆಕ್ ಇಲ್ಲದ ‘ಸದ್ದಿಲ್ಲದ’ ನಡೆ ನಡುವೆ ಬಂದರೆ ಎಣಿಕೆ ಕವಲೊಡೆಯುತ್ತದೆ. ಸದ್ಯಕ್ಕೆ ಅಂಥವನ್ನು ಬಿಟ್ಟರೂ ನಷ್ಟವಿಲ್ಲ.

ಪ್ರಶ್ನೆ: ಕ್ಯಾಸ್ಲಿಂಗ್ ಆದ ರಾಜನ ಮುಂದಿನ ಎಚ್7ರ ಪದಾತಿಯನ್ನು ಒಂಟೆಯಿಂದ ಹೊಡೆದು ಬಲಿ ಕೊಡುವುದನ್ನು ಅನೇಕ ಆಟಗಳಲ್ಲಿ ನೋಡಿದ್ದೇನೆ. ಅದು ಯಾವಾಗ ಸರಿಹೋಗುತ್ತದೆ?

ಉತ್ತರ: ಇದು ಬಹಳ ಹಳೆಯದು, 17ನೆಯ ಶತಮಾನದ ಇಟಲಿಯ ಆಟಗಾರ ಗ್ರೆಕೊ ಅವರ ಟಿಪ್ಪಣಿಗಳಲ್ಲೇ ಸಿಗುತ್ತದೆ. ಒಂಟೆ ಎಚ್7ರಲ್ಲಿ ಹೊಡೆದು ಚೆಕ್ ಕೊಟ್ಟು, ರಾಜ ಅದನ್ನು ಹೊಡೆದ ಮೇಲೆ ಕುದುರೆ ಎಫ್3ರಿಂದ ಜಿ5ಕ್ಕೆ ಚೆಕ್ ಕೊಡುತ್ತ ಬರುತ್ತದೆ. ರಾಜ ಜಿ8ಕ್ಕೆ ಮರಳಿದರೆ ರಾಣಿ ಎಚ್5ಕ್ಕೆ ಬಂದು ಎಚ್7ರಲ್ಲಿ ಮೇಟ್ ಮಾಡುವ ಬೆದರಿಕೆ ಒಡ್ಡುತ್ತದೆ. ಎಫ್6ರಲ್ಲಿ ಕಪ್ಪು ಕುದುರೆ ಇದ್ದರೆ ಈ ಯೋಜನೆಗೆ ಜೀವವೇ ಇಲ್ಲ, ಏಕೆಂದರೆ ಅದು ಎಚ್7 ಮತ್ತು ಎಚ್5 ಎರಡನ್ನೂ ಕಾಯುತ್ತದೆ. ಬಿಳಿ ಪದಾತಿ ಇ5ರಲ್ಲಿದ್ದಾಗ ಈ ಬಲಿ ಹೆಚ್ಚಾಗಿ ಕಾಣುವುದು ಅದಕ್ಕೇ. ಆ ಪದಾತಿ ಕುದುರೆಯನ್ನು ಎಫ್6ರಿಂದ ದೂರವಿಡುತ್ತದೆ.

ಜಿ5ಕ್ಕೆ ಬಂದ ಕುದುರೆಯನ್ನು ಕಪ್ಪು ರಾಣಿಯೋ ಒಂಟೆಯೋ ಸುಲಭವಾಗಿ ಹೊಡೆಯಬಲ್ಲುದೇ, ಕಪ್ಪು ಒಂಟೆ ಎಫ್5ಕ್ಕೆ ಬಂದು ಎಚ್7ನ್ನು ಕಾಯಬಲ್ಲುದೇ ಎಂದು ಪರೀಕ್ಷಿಸಿ. ಆಮೇಲೆ ರಾಜ ಜಿ8ಕ್ಕೆ ಮರಳದೆ ಜಿ6ಕ್ಕೆ ಮೇಲೇರಿದರೆ ಏನು ಮಾಡುತ್ತೀರಿ ಎಂಬುದಕ್ಕೆ ಖಚಿತ ಉತ್ತರ ಇಟ್ಟುಕೊಳ್ಳಿ. ಈ ಬಲಿ ಮುರಿದುಬೀಳುವುದು ಹೆಚ್ಚಾಗಿ ಅಲ್ಲಿಯೇ. ರಾಣಿ ಜಿ4ಕ್ಕೆ ಬರಬಲ್ಲುದೇ, ಎಚ್ ಪದಾತಿಯನ್ನು ಮುಂದಕ್ಕೆ ತಳ್ಳಿ ದಾಳಿಯನ್ನು ಬೆಳೆಸಬಹುದೇ ಎಂದು ಮೊದಲೇ ನೋಡಿಟ್ಟುಕೊಂಡಿಲ್ಲದಿದ್ದರೆ ಒಂಟೆಯನ್ನು ಮುಟ್ಟಬೇಡಿ.

ಪ್ರಶ್ನೆ: ನಾನು ಆನೆಯನ್ನು ಬಲಿ ಕೊಟ್ಟು ಗೆದ್ದ ಆಟವನ್ನು ಕಂಪ್ಯೂಟರಿಗೆ ತೋರಿಸಿದರೆ, ಅದು ಆ ನಡೆಯನ್ನು ಘೋರ ತಪ್ಪು ಎನ್ನುತ್ತದೆ. ಗೆದ್ದ ಮೇಲೂ ತಪ್ಪು ಹೇಗಾಗುತ್ತದೆ?

ಉತ್ತರ: ಮೇಲೆ ಹೇಳಿದ ಸಿ6ರ ಕುದುರೆಯ ಉದಾಹರಣೆಯೇ ನಿಮಗೂ ಉತ್ತರ, ಎದುರಾಳಿ ಸರಿಯಾದ ಉತ್ತರವನ್ನು ಆಡಲಿಲ್ಲ, ಅಷ್ಟೇ. ಆದರೆ ಒಂದು ಭೇದವನ್ನು ಮಾಡಿಕೊಳ್ಳಿ. ಆಸ್ಟ್ರಿಯಾದ ಆಟಗಾರ ರುಡಾಲ್ಫ್ ಸ್ಪೀಲ್‌ಮನ್ ಬಲಿಗಳನ್ನು ಎರಡಾಗಿ ವಿಂಗಡಿಸಿದ್ದರು: ಕೆಲವೇ ನಡೆಗಳಲ್ಲಿ ಮೇಟ್ ಆಗಿಯೋ ಕಾಯಿಯ ರೂಪದಲ್ಲೋ ಖಚಿತವಾಗಿ ಮರಳಿ ಬರುವ ತೋರಿಕೆಯ ಬಲಿ ಒಂದು, ಕೊನೆಯವರೆಗೆ ಎಣಿಸಲಾಗದೆ, ದಾಳಿಯ ಬಲವನ್ನು ನಂಬಿ ಕೊಡುವ ನಿಜವಾದ ಬಲಿ ಇನ್ನೊಂದು. ಹೊಸಬರು ಮೊದಲನೆಯದನ್ನು ಅಭ್ಯಾಸ ಮಾಡಬೇಕು. 1956ರಲ್ಲಿ ಹದಿಮೂರರ ಬಾಬಿ ಫಿಶರ್ ಡೊನಾಲ್ಡ್ ಬರ್ನ್ ಅವರ ವಿರುದ್ಧ 17ನೆಯ ನಡೆಯಲ್ಲಿ ರಾಣಿಯನ್ನು ಬಿಟ್ಟುಕೊಟ್ಟ ಪ್ರಸಿದ್ಧ ಆಟದಲ್ಲಿ ಮೇಟ್ ಆದದ್ದು 41ನೆಯ ನಡೆಯಲ್ಲಿ. ಆದರೆ ಅದಕ್ಕೆ ಬಹಳ ಮೊದಲೇ ಅವರು ರಾಣಿಗೆ ಬದಲಾಗಿ ಒಂದು ಆನೆ, ಎರಡು ಒಂಟೆ ಮತ್ತು ಒಂದು ಪದಾತಿಯನ್ನು ಪಡೆದಿದ್ದರು. ಆನೆಗೆ 5, ಒಂಟೆಗೆ 3, ಪದಾತಿಗೆ 1, ರಾಣಿಗೆ 9 ಎಂಬ ರೂಢಿಯ ಲೆಕ್ಕವನ್ನು ಹಾಕಿ ನೋಡಿದರೆ ಕೊಟ್ಟದ್ದಕ್ಕಿಂತ ಬಂದದ್ದೇ ಹೆಚ್ಚು.

ಕಂಪ್ಯೂಟರ್ ತಪ್ಪೆಂದಾಗ ಅಂಕಿಯನ್ನಷ್ಟೇ ನೋಡಿ ಮುಚ್ಚಿಡಬೇಡಿ. ಅದು ಸೂಚಿಸುವ ಉತ್ತರವನ್ನು ಹಾಸಿನ ಮೇಲೆ ಆಡಿ, ನಿಮ್ಮ ದಾಳಿ ಯಾವ ನಡೆಯಲ್ಲಿ, ಯಾವ ಕಾಯಿಯಿಂದ ನಿಂತುಹೋಯಿತೆಂದು ಪತ್ತೆಹಚ್ಚಿ, ಆ ಒಂದು ಕಾಯಿ ಬೇರೆ ಮನೆಯಲ್ಲಿದ್ದಿದ್ದರೆ ಬಲಿ ನಡೆಯುತ್ತಿತ್ತೇ ಎಂದು ಮತ್ತೊಮ್ಮೆ ಆಡಿ ನೋಡಿ.