ಇಂಪ್ಲಾಂಟ್ ಆದ ಮೇಲೆ ಮಾತ್ರೆ ಎಷ್ಟು ದಿನ?

ಪ್ರಶ್ನೆ: ಡಾಕ್ಟರ್ ಸಾಹೇಬರಿಗೆ ನಮಸ್ಕಾರ. ನನಗೆ 58 ವರ್ಷ, ಸಕ್ಕರೆ ಕಾಯಿಲೆಯಿದೆ. ಬೆಳಗಾವಿಯಲ್ಲಿ ನಿಮಿರುವಿಕೆಯ ತೊಂದರೆಗಾಗಿ ಶಿಶ್ನಕ್ಕೆ ಪಂಪ್ ಇರುವ ಇಂಪ್ಲಾಂಟ್ (ದೇಹದೊಳಗೆ ಕೂರಿಸುವ ಸಾಧನ) ಹಾಕಿಸಿಕೊಂಡಿದ್ದೇನೆ. ವೈದ್ಯರು ಬರೆದುಕೊಟ್ಟ ಆ್ಯಂಟಿಬಯೋಟಿಕ್ ಮಾತ್ರೆಗಳು ಮುಗಿದಿವೆ. ಸೋಂಕು ತಗಲಬಾರದೆಂದು ಅದೇ ಚೀಟಿ ತೋರಿಸಿ ಔಷಧಿ ಅಂಗಡಿಯಿಂದ ಇನ್ನಷ್ಟು ತಂದು ನುಂಗಲೇ?
– ಓದುಗರು, ಜಮಖಂಡಿ

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಶಸ್ತ್ರಚಿಕಿತ್ಸೆಗೆ ಮುನ್ನ, ಸಾಮಾನ್ಯವಾಗಿ ಒಂದು ಗಂಟೆಯೊಳಗೆ, ರಕ್ತನಾಳದ ಮೂಲಕ ಕೊಡುವ ಆ್ಯಂಟಿಬಯೋಟಿಕ್ಕೇ ಇಲ್ಲಿ ಮುಖ್ಯ ರಕ್ಷಣೆ. ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳು ಸಾಧನಕ್ಕೆ ಅಂಟಿಕೊಂಡು ತಮ್ಮ ಸುತ್ತ ತೆಳುಪೊರೆ ಕಟ್ಟಿಕೊಂಡ ಬಳಿಕ ಮಾತ್ರೆಗಳಿಂದ ಅವನ್ನು ಕೊಲ್ಲುವುದು ಬಹಳ ಕಷ್ಟ. ಮನೆಗೆ ಬಂದ ಮೇಲೂ ದಿನಗಟ್ಟಲೆ ಮಾತ್ರೆ ನುಂಗುವುದರಿಂದ ಸೋಂಕು ಇನ್ನಷ್ಟು ತಗ್ಗುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆಯಿಲ್ಲ, ಆದರೆ ಭೇದಿಯಾಗುವ, ಔಷಧಕ್ಕೆ ಜಗ್ಗದ ರೋಗಾಣು ಬೆಳೆಯುವ ಅಪಾಯವಂತೂ ಇದೆ.

ನಿಮ್ಮ ಗಮನ ಸಕ್ಕರೆಯ ಹತೋಟಿಯ ಮೇಲಿರಲಿ. ನೋವು ದಿನದಿಂದ ದಿನಕ್ಕೆ ಹೆಚ್ಚಿದರೆ, ಜ್ವರ ಬಂದರೆ, ಹೊಲಿಗೆ ಕೆಂಪಾಗಿ ಕೀವು ಸೋರಿದರೆ, ವೃಷಣಚೀಲದ ಚರ್ಮ ಒಳಗಿನ ಪಂಪಿಗೆ ಅಂಟಿಕೊಂಡು ಸರಿದಾಡದಂತಾದರೆ, ತಿಂಗಳುಗಳು ಕಳೆದಿದ್ದರೂ ಸಂಕೋಚಪಡದೆ ಅಂದೇ ನಿಮ್ಮ ಶಸ್ತ್ರವೈದ್ಯರನ್ನು ಕಾಣಿರಿ. ಆಗ ಅಂಗಡಿಯ ಮಾತ್ರೆ ನುಂಗಿ ಕಾದರೆ ಲಕ್ಷಣಗಳು ಮರೆಯಾಗಿ, ಕೊನೆಗೆ ಸಾಧನವನ್ನೇ ತೆಗೆಯಬೇಕಾದೀತು.