ಟರ್ಕಿ ಬೇಟೆಯ ಜೋಡಿನಳಿಗೆ ಕೋವಿಗೆ ಟ್ರಿಗರ್ ಎಷ್ಟಿರಬೇಕು, ಚೋಕ್ ಯಾವುದಿರಬೇಕು

ಪೆನ್ಸಿಲ್ವೇನಿಯಾದಲ್ಲಿ ಮುಂದಿನ ವಸಂತದ ಟರ್ಕಿ (ಕೋಳಿಯನ್ನು ಹೋಲುವ ದೊಡ್ಡ ಕಾಡುಹಕ್ಕಿ) ಬೇಟೆಗೆಂದು 12 ಬೋರಿನ ಜೋಡಿನಳಿಗೆ ಕೋವಿ ಕೊಳ್ಳಲು ಹೊರಟಿರುವ ಸ್ನೇಹಿತರು ಎರಡು ಪ್ರಶ್ನೆ ಕೇಳಿದ್ದಾರೆ. ಒಂದು ಟ್ರಿಗರಿನ ಕೋವಿ ಒಳ್ಳೆಯದೋ ಎರಡು ಟ್ರಿಗರಿನದೋ, ಮತ್ತು ಎರಡೂ ನಳಿಗೆಗೆ ಎಕ್ಸ್‌ಟ್ರಾ ಫುಲ್ ಚೋಕ್ ಹಾಕಿದರೆ ಆದೀತೋ ಎಂದು. ಚೋಕ್ ಎಂದರೆ ತೋಟಾದ ಸಣ್ಣ ಗುಂಡುಗಳು, ಅಂದರೆ ಚರೆ, ಎಷ್ಟು ಹರಡಬೇಕೆಂದು ನಿರ್ಧರಿಸುವ, ನಳಿಗೆಯ ತುದಿಯ ಬಿಗಿತ; ಬದಲಿಸಬಹುದಾದ ಕೊಳವೆಯಾಗಿಯೂ ಬರುತ್ತದೆ. ಎಕ್ಸ್‌ಟ್ರಾ ಫುಲ್ ತೀರ ಬಿಗಿಯಾದದ್ದು. ಎರಡು ಟ್ರಿಗರಿನದನ್ನೇ ಕೊಳ್ಳಿ, ಎರಡು ನಳಿಗೆಗೂ ಒಂದೇ ಚೋಕ್ ಮಾತ್ರ ಹಾಕಬೇಡಿ ಎಂಬುದು ನನ್ನ ಉತ್ತರ. ಈ ಎರಡು ಮಾತು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಕಾರಣವನ್ನೂ ವಿವರವಾಗಿ ಬರೆಯುತ್ತೇನೆ.

ಮರಕ್ಕೆ ಬೆನ್ನು ಕೊಟ್ಟು ಕುಳಿತು ಹೆಣ್ಣು ಟರ್ಕಿಯ ದನಿಯಲ್ಲಿ ಕೂಗಿ ಹುಂಜವನ್ನು ಕರೆಯುವ ಈ ಬೇಟೆಯಲ್ಲಿ, ಅದು 40 ಗಜದಲ್ಲಿ ನಿಂತು ಕತ್ತೆತ್ತೀತೋ, ದಿಮ್ಮಿಯ ಮರೆಯಲ್ಲಿ ನಡೆದು ಬಂದು 12 ಗಜದಲ್ಲಿ ಎದ್ದೀತೋ ಮೊದಲೇ ಹೇಳಲಾಗದು. ಗುರಿ ಇಡುವುದು ತಲೆ ಮತ್ತು ಕತ್ತಿಗೆ ಮಾತ್ರ. ಮೈಗೆ ಹೊಡೆದರೆ ಹಕ್ಕಿ ಗಾಯಗೊಂಡು ಕೈತಪ್ಪಿ ಹೋಗುತ್ತದೆ. ನನ್ನ ಮೊದಲ ವಸಂತದಲ್ಲಿ ಎರಡೂ ನಳಿಗೆಗೆ ಎಕ್ಸ್‌ಟ್ರಾ ಫುಲ್ ಹಾಕಿಕೊಂಡು ಹೋಗಿದ್ದೆ. ಹುಂಜ ಹದಿಮೂರು ಹೆಜ್ಜೆಯಷ್ಟು ಹತ್ತಿರ ಬಂತು, ಈಡು ಹೊಡೆದೆ, ಹಕ್ಕಿ ಹಾರಿಹೋಯಿತು. ಹೋಗಿ ನೋಡಿದರೆ ಅದರ ಹಿಂದಿದ್ದ ಬೀಚ್ ಮರದ ತೊಗಟೆಯಲ್ಲಿ ಮುಷ್ಟಿಯಷ್ಟಗಲ ಒಂದೇ ತೂತು, ಸುತ್ತ ಬಿಡಿ ಚರೆಯ ಗುರುತು ನಾಲ್ಕೈದು. ಅಷ್ಟು ಹತ್ತಿರದಲ್ಲಿ ಅಷ್ಟು ಬಿಗಿ ಚೋಕ್ ಇದ್ದರೆ ಚರೆಯ ತೋಟಾವೂ ಒಂಟಿ ಗುಂಡಿನ ಹಾಗೆಯೇ ಹೋಗುತ್ತದೆ.

ಒಂಟಿನಳಿಗೆಯ ಪಂಪ್ ಕೋವಿಗೆ ಇಲ್ಲದ ಅನುಕೂಲ ಜೋಡಿನಳಿಗೆಗೆ ಇರುವುದು ಇಲ್ಲಿಯೇ: ಎರಡು ಚೋಕ್ ಏಕಕಾಲಕ್ಕೆ ಸಿದ್ಧವಾಗಿರುತ್ತವೆ. ಅಕ್ಕಪಕ್ಕದ ನಳಿಗೆಯ ಕೋವಿಗಳಲ್ಲಿ ಸಾಮಾನ್ಯವಾಗಿ ಮುಂದಿನ ಟ್ರಿಗರ್ ಬಲ ನಳಿಗೆಯದು, ಹಿಂದಿನದು ಎಡ ನಳಿಗೆಯದು. ಬಲಕ್ಕೆ ಹೆಚ್ಚು ಹರಡುವ ಇಂಪ್ರೂವ್ಡ್ ಸಿಲಿಂಡರ್ ಅಥವಾ ಮಧ್ಯಮದ ಮಾಡಿಫೈಡ್, ಎಡಕ್ಕೆ ಬಿಗಿಯಾದ ಫುಲ್ ಹಾಕಿ. ಹುಂಜ ಹತ್ತಿರ ಬಂದರೆ ಮುಂದಿನದು, ದೂರ ನಿಂತರೆ ಹಿಂದಿನದು. ಬೆರಳು ಅರ್ಧ ಅಂಗುಲ ಸರಿದರೆ ಸಾಕು. ಆಯ್ಕೆಯ ಗುಂಡಿ ಇರುವ ಒಂಟಿ ಟ್ರಿಗರಿನಲ್ಲೂ ನಳಿಗೆ ಬದಲಿಸಬಹುದು, ಆದರೆ ಆ ಗುಂಡಿ ಎಷ್ಟೋ ಕೋವಿಗಳಲ್ಲಿ ಸೇಫ್ಟಿಯ ಜೊತೆಗೇ ಇರುತ್ತದೆ, ಮತ್ತು ಹುಂಜ ಇಪ್ಪತ್ತು ಗಜದಲ್ಲಿ ನಿಮ್ಮತ್ತಲೇ ನೋಡುತ್ತಿರುವಾಗ ಹೆಬ್ಬೆರಳಿನಲ್ಲಿ ಅದನ್ನು ತಡಕಾಡುವುದು ನಡೆಯದ ಮಾತು.

ಇನ್ನೊಂದು ಕಾರಣವೂ ಇದೆ. ಒಂಟಿ ಟ್ರಿಗರಿನ ಕೆಲವು ಕೋವಿಗಳು ಮೊದಲ ಈಡಿನ ಹಿಂದೊದೆತದ ಬಲದಿಂದಲೇ ಎರಡನೆಯ ನಳಿಗೆಗೆ ಸಜ್ಜಾಗುತ್ತವೆ. ಮೊದಲ ತೋಟಾ ಠುಸ್ಸಾದರೆ ಒದೆತವೇ ಇರುವುದಿಲ್ಲ, ಎರಡನೆಯ ನಳಿಗೆಯೂ ಸುಮ್ಮನಾಗುತ್ತದೆ. ಒಂಟಿ ಟ್ರಿಗರೇ ಬೇಕೆಂದಿದ್ದರೆ ಅದು ಒದೆತಕ್ಕೆ ಕಾಯದೆ ಸಜ್ಜಾಗುವ ಮೆಕ್ಯಾನಿಕಲ್ ಬಗೆಯದೇ ಎಂದು ಅಂಗಡಿಯಲ್ಲಿ ಕೇಳಿ ಖಾತ್ರಿ ಮಾಡಿಕೊಳ್ಳಿ.

ಎರಡು ಟ್ರಿಗರಿಗೂ ಅದರದೇ ತೊಂದರೆ ಇದೆ. ಭಾರದ ತೋಟಾ ಹಾಕಿ ಹಿಂದಿನ ಟ್ರಿಗರ್ ಎಳೆದಾಗ, ಕೋವಿ ಹಿಂದಕ್ಕೆ ಒದೆಯುವ ಹೊತ್ತಿಗೆ ಮುಂದಿನ ಟ್ರಿಗರ್ ಬೆರಳಿನ ಬೆನ್ನಿಗೆ ಬಡಿಯುತ್ತದೆ. ಕೊಡಗಿನಲ್ಲಿ ಕೈಲ್ ಮುಹೂರ್ತದ ದಿನ ತೆಂಗಿನಕಾಯಿಗೆ ಈಡು ಹೊಡೆದು ಕಲಿತ ನನಗೆ ಎರಡು ಟ್ರಿಗರಿನ ರೂಢಿ ಇತ್ತು, ಆದರೂ ಮೂರು ಅಂಗುಲದ ತೋಟಾ ಹಾಕಿದ ಮೊದಲ ದಿನ ಬೆರಳು ಬಾತುಕೊಂಡಿತು. ಮುಂದಿನ ಟ್ರಿಗರ್ ತುಸು ಮುಂದಕ್ಕೆ ಬಾಗುವಂತೆ ಕೀಲು ಇಟ್ಟ ಕೋವಿ ಸಿಕ್ಕಿದರೆ ಒಳ್ಳೆಯದು. ಇಲ್ಲವಾದರೆ 2¾ ಅಂಗುಲದ ತೋಟಾದಲ್ಲೇ ಕೆಲಸ ಮುಗಿಸಿ.

ಈಗ ಚೋಕಿನ ಲೆಕ್ಕ. 40 ಗಜದಲ್ಲಿ 30 ಅಂಗುಲದ ವೃತ್ತದೊಳಗೆ ಫುಲ್ ಚೋಕ್ ಸುಮಾರು ಶೇಕಡ 70ರಷ್ಟು ಚರೆಯನ್ನೂ ಮಾಡಿಫೈಡ್ ಶೇಕಡ 60ರಷ್ಟನ್ನೂ ಇಂಪ್ರೂವ್ಡ್ ಸಿಲಿಂಡರ್ ಶೇಕಡ 50ರಷ್ಟನ್ನೂ ಕೂರಿಸುತ್ತವೆ ಎಂಬುದು ಹಳೆಯ ಅಳತೆ. ಟರ್ಕಿಗೆ ಇದು ಸಾಲದು; 10 ಅಂಗುಲದ ವೃತ್ತದಲ್ಲಿ 100 ಚರೆ ಬೀಳಬೇಕು ಎಂದು ಬೇಟೆಗಾರರು ನೋಡುತ್ತಾರೆ. ಸೀಸದ 5 ಅಥವಾ 6ನೇ ನಂಬರಿನ ಚರೆಯಲ್ಲಿ ಅದು ಯಾವ ದೂರದವರೆಗೆ ಬರುತ್ತದೋ ಅದೇ ಆ ನಳಿಗೆಯ ಮಿತಿ. ಟಂಗ್‌ಸ್ಟನ್ ಚರೆ ಸೀಸಕ್ಕಿಂತ ಬಹಳ ಭಾರವಾದ್ದರಿಂದ 9ನೇ ನಂಬರಿನಷ್ಟು ಸಣ್ಣ ಕಾಳೂ ಸಾಲುತ್ತದೆ. ಆದರೆ ಅದು ಗಟ್ಟಿ ಲೋಹ, ಚೋಕ್ ಅದಕ್ಕೆ ಒಪ್ಪುತ್ತದೆ ಎಂದು ತಯಾರಕರು ಬರೆದಿರಬೇಕು. ಚೋಕ್ ಬದಲಿಸಲಾಗದ ಹಳೆಯ ಕೋವಿಯಲ್ಲಿ ಟಂಗ್‌ಸ್ಟನ್ನನ್ನಾಗಲಿ ಉಕ್ಕಿನ ಚರೆಯನ್ನಾಗಲಿ ಬಳಸಲೇಬೇಡಿ, ತೋಟಾದ ಉದ್ದಕ್ಕೆ ಅದರ ಚೇಂಬರ್ (ತೋಟಾ ಕೂರುವ ಜಾಗ) ಸರಿಹೊಂದುತ್ತದೆಯೇ ಎಂದೂ ಗನ್‌ಸ್ಮಿತ್ ಕೈಯಲ್ಲಿ ಅಳೆಸಿ.

ಕೊಂಡ ಮೇಲೆ ಕಾಗದಕ್ಕೆ ಹೊಡೆದು ನೋಡುವುದನ್ನು ದಯವಿಟ್ಟು ಬಿಡಬೇಡಿ. ಜೋಡಿನಳಿಗೆಗಳು ಒಂದಕ್ಕೊಂದು ತುಸು ಒಳಮುಖವಾಗಿ ಬೆಸೆದಿರುತ್ತವೆ, ಎರಡರ ಈಡೂ ಒಂದು ದೂರದಲ್ಲಿ ಒಂದೇ ಕಡೆ ಬೀಳಲೆಂದು. ತೋಟಾ ಬದಲಾದರೆ ಆ ಹೊಂದಾಣಿಕೆ ತಪ್ಪಬಹುದು. ಅಗಲ ಹರಡುವ ಚೋಕಿನಲ್ಲಿ ಅದು ಕಾಣುವುದಿಲ್ಲ, ಬಿಗಿ ಚೋಕಿನಲ್ಲಿ ನಾಲ್ಕು ಅಂಗುಲ ಆಚೆ ಬಿದ್ದರೂ ಹಕ್ಕಿ ತಪ್ಪುತ್ತದೆ. ಮೂರಡಿ ಅಗಲದ ಕಾಗದದ ನಡುವೆ ಕಪ್ಪು ಚುಕ್ಕೆ ಇಟ್ಟು, ಕೋವಿಯನ್ನು ಮರಳುಚೀಲದ ಮೇಲೆ ಊರಿ, 20, 30, 40 ಗಜದಲ್ಲಿ ಒಂದೊಂದು ನಳಿಗೆಯಿಂದ ಬೇರೆ ಬೇರೆ ಹಾಳೆಗೆ ಹೊಡೆಯಿರಿ. ನಳಿಗೆಯ ತುದಿಯಿಂದ ಹೊರಚಾಚುವ ಚೋಕ್ ಕೊಳ್ಳುವ ಮುನ್ನ ಎರಡರ ದಪ್ಪ ಅಂಚು ಒಂದಕ್ಕೊಂದು ತಗುಲುತ್ತದೆಯೇ ಎಂದು ಕೂಡಿಸಿ ನೋಡಿ. ಅಕ್ಕಪಕ್ಕದ ನಳಿಗೆಯಲ್ಲಿ ಒಳಗೇ ಕೂರುವ ಚೋಕ್ ನನಗೆ ಹೆಚ್ಚು ಹಿಡಿಸಿದೆ.

ಹೊಡೆದ ಹಾಳೆಗಳ ಮೇಲೆ ನಳಿಗೆ, ದೂರ, ತೋಟಾ ಬರೆದು ಫೋಟೋ ಇಲ್ಲಿ ಹಾಕಿ. ಎಡ ನಳಿಗೆಯ ಈಡು ಯಾವ ಕಡೆ ಬಿದ್ದಿದೆ ಎಂದು ನೋಡಿ, ಚೋಕ್ ಬದಲಿಸಬೇಕೋ ತೋಟಾ ಬದಲಿಸಬೇಕೋ ಹೇಳುತ್ತೇನೆ.