ಟೇಬಲ್ ಮೇಲೆ ಗ್ರೀಕ್ ಸೈನ್ಯ: ಓದುಗರು ಕೇಳಿದ್ದು, ನಾವು ಹೇಳಿದ್ದು

ಹೋದ ಸಂಚಿಕೆಲಿ ಟೇಬಲ್ ಮೇಲಾಡೋ ಯುದ್ಧದಾಟದ ಬಗ್ಗೆ, ಅಂದ್ರೆ ಬೆರಳಿಗಿಂತ ಚಿಕ್ಕ ಸೈನಿಕರಿಗೆ ಬಣ್ಣ ಹಚ್ಚಿ, ದಾಳ ಉರುಳಿಸಿ, ಟೇಪ್ ಹಿಡಿದು ಅಳೆದು ಮುಂದಕ್ಕೆ ಸರಿಸೋ ಆಟದ ಬಗ್ಗೆ ಬರೆದಿದ್ವಿ. ಹಾಸನ, ಚಿಕ್ಕಮಗಳೂರು ಕಡೆಯಿಂದ್ಲೇ ಇಷ್ಟು ಪತ್ರ ಬರ್ತವೆ ಅಂತ ಅಂದ್ಕೊಂಡಿರ್ಲಿಲ್ಲ. ಮುಕ್ಕಾಲು ಪಾಲು ಹಳೇ ಗ್ರೀಕ್ ಸೈನ್ಯದ ಮೇಲೇ ಇವೆ, ಅದಕ್ಕೆ ಈ ಸಲ ಬೇರೆ ಯಾವ್ದನ್ನೂ ತಗೊಂಡಿಲ್ಲ.

ಪ್ರಶ್ನೆ: ಸಾರ್, 28 ಎಂಎಂ ಎತ್ತರದ ಹಾಪ್ಲೈಟ್ (ಗುರಾಣಿ, ಈಟಿ ಹಿಡಿದ ಗ್ರೀಕ್ ಕಾಲಾಳು) ಗೊಂಬೆಗಳಿಗೆ ಬಣ್ಣ ಎಲ್ಲಾ ಚೆನ್ನಾಗೇ ಬಂದಿತ್ತು. ಜುಲೈನಲ್ಲಿ ಕೊನೇದಾಗಿ ಮ್ಯಾಟ್ ವಾರ್ನಿಶ್ ಸ್ಪ್ರೇ ಹೊಡ್ದೆ, ಬೆಳಗ್ಗೆ ಎದ್ದು ನೋಡಿದ್ರೆ ಎಲ್ಲರ ಮೇಲೂ ಬೆಳ್ಳಗೆ ಮಬ್ಬು ಕೂತಿದೆ. ಡಬ್ಬಿ ಡೂಪ್ಲಿಕೇಟಾ?
— ಓದುಗರು, ಸಕಲೇಶಪುರ

ಉತ್ತರ: ಡಬ್ಬಿದೇನೂ ತಪ್ಪಿರಲ್ಲ, ನಿಮ್ಮೂರ ಜುಲೈ ತಿಂಗಳದ್ದೇ ತಪ್ಪು. ಗಾಳೀಲಿ ತೇವ ಜಾಸ್ತಿ ಇದ್ದಾಗ ಸ್ಪ್ರೇ ಹೊಡೆದ್ರೆ ವಾರ್ನಿಶ್ ಒಣಗೋ ಹೊತ್ತಿಗೆ ಅದರೊಳಗೆ ತೇವ ಸಿಕ್ಕಾಕೊಂಡು ಹಿಂಗೆ ಬೆಳ್ಳಗಾಗುತ್ತೆ, ಸ್ಪ್ರೇ ಪ್ರೈಮರ್ರೂ ಅಷ್ಟೇ, ಮರಳು ಕಾಗದದ ತರ ಒರಟಾಗಿ ಕೂರುತ್ತೆ. ಗೊಂಬೆ ಎಸೀಬೇಡಿ. ಬ್ರಷ್‌ನಲ್ಲಿ ಹೊಳಪಿನ (ಗ್ಲಾಸ್) ವಾರ್ನಿಶ್ ಒಂದು ತೆಳು ಕೋಟ್ ಕೊಡಿ, ಬಹಳ ಸಲ ಆ ಮಬ್ಬು ಹೊರಟೋಗಿ ಬಣ್ಣ ವಾಪಸ್ ಬರುತ್ತೆ, ಆಮೇಲೆ ಅದರ ಮೇಲೆ ಮ್ಯಾಟ್, ಅದೂ ಬ್ರಷ್‌ನಲ್ಲೇ. ಮಲ್ನಾಡಲ್ಲಿ ಇರೋರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಪ್ರೇ ಡಬ್ಬಿ ಬೀರುವಿಗೆ ಸೇರ್ಸಿಬಿಟ್ಟು ಬ್ರಷ್ ಪ್ರೈಮರ್ ಇಟ್ಕೊಳಿ.

ಪ್ರಶ್ನೆ: ಸ್ಪಾರ್ಟಾದವರು ಅಂದ್ರೆ ಕೆಂಪು ಹೊದಿಕೆ, ಗುರಾಣಿ ಮೇಲೆ ವಿ ಅಕ್ಷರ ಬೋರಲು ಹಾಕಿದ ಗುರುತು. ನನ್ನ ಮೊಮ್ಮಗ ಥರ್ಮಾಪಿಲೈ ಯುದ್ಧಕ್ಕೆ ಅಂತ ಎಲ್ಲ ಗುರಾಣಿಗೂ ಅದನ್ನೇ ಹಾಕ್ತಿದಾನೆ. ನಲವತ್ತು ವರ್ಷ ಇತಿಹಾಸ ಪಾಠ ಮಾಡಿದ ನನಗೆ ಯಾಕೋ ಅನುಮಾನ.
— ನಿವೃತ್ತ ಮೇಷ್ಟ್ರು, ಹಾಸನ

ಉತ್ತರ: ಮೇಷ್ಟ್ರೇ, ನಿಮ್ಮ ಅನುಮಾನ ಸರಿಯಾಗೇ ಇದೆ. ಕೆಂಪು ಹೊದಿಕೆಗೆ ಆಧಾರ ಇದೆ, ಸ್ಪಾರ್ಟಾದವರನ್ನ ಹತ್ತಿರದಿಂದ ಬಲ್ಲ ಗ್ರೀಕ್ ಲೇಖಕ ಕ್ಸೆನೊಫೋನನೇ ಬರ್ದಿದಾನೆ. ಗುರಾಣಿ ಮೇಲಿನ ಲಾಂಬ್ಡಾ ಅಕ್ಷರ, ಅಂದ್ರೆ ಲಾಕೆಡೈಮೊನ್ ಅನ್ನೋ ಅವರ ನಾಡಿನ ಹೆಸರಿನ ಮೊದಲಕ್ಷರ, ಅದಕ್ಕೆ ಸಿಗೋ ಸುಳಿವು ಕ್ರಿಸ್ತಪೂರ್ವ ಐದನೇ ಶತಮಾನದ ಕೊನೇ ಭಾಗದ್ದು, ಅಥೆನ್ಸ್‌ಗೂ ಸ್ಪಾರ್ಟಾಗೂ ನಡೆದ ಪೆಲೊಪೊನೀಸಿಯನ್ ಯುದ್ಧದ ಕಾಲದ್ದು. ಪರ್ಷಿಯಾದವರ ವಿರುದ್ಧ ಥರ್ಮಾಪಿಲೈ ನಡೆದಿದ್ದು ಕ್ರಿ.ಪೂ. 480ರಲ್ಲಿ. ಆಗ ಎಲ್ಲರ ಗುರಾಣಿ ಮೇಲೂ ಒಂದೇ ಗುರುತಿತ್ತು ಅನ್ನೋಕೆ ಗಟ್ಟಿ ಪುರಾವೆ ಇಲ್ಲ. ಅದಕ್ಕೂ ಹಿಂದಿನ ಕೀಜಿ ಹೂಜಿ ಅಂತ ಒಂದಿದೆ, ಸುಮಾರು ಕ್ರಿ.ಪೂ. 650ರ ಆಸುಪಾಸಿನದು, ಈಗ ರೋಮ್‌ನ ವಿಲ್ಲಾ ಜೂಲಿಯಾ ಮ್ಯೂಸಿಯಂನಲ್ಲಿದೆ. ಅದರಲ್ಲಿ ಎರಡು ಸಾಲು ಎದುರಾಬದುರಾ ನುಗ್ತಿರೋದನ್ನ ಬರ್ದಿದಾರೆ, ಹೊರಮೈ ಕಾಣೋ ಗುರಾಣಿಗಳ ಮೇಲೆಲ್ಲ ಬೇರೆ ಬೇರೆ ಚಿತ್ರ. ಅವರವರ ಗುರಾಣಿ ಅವರವರ ದುಡ್ಡಲ್ಲಿ ಮಾಡ್ಸಿದ್ದು, ಚಿತ್ರನೂ ಅವರವರ ಇಷ್ಟ.

ಊರಿನ ಗುರುತು ಹಾಕೋ ಪದ್ಧತಿ ಬಂದ ಮೇಲೆ ಅದರಲ್ಲೂ ಮೋಸ ಶುರುವಾಯ್ತು. ಕ್ರಿ.ಪೂ. 392ರಲ್ಲಿ ಕೊರಿಂಥ್ ಹತ್ರ ಪಾಸಿಮಾಖಸ್ ಅನ್ನೋ ಸ್ಪಾರ್ಟಾದ ಕುದುರೆ ದಳಪತಿ, ಸೋತು ಓಡ್ತಿದ್ದ ಮಿತ್ರಪಕ್ಷದ ಸಿಕಿಯೋನ್ ಊರಿನವರ ಗುರಾಣಿ ಇಸ್ಕೊಂಡು ತನ್ನ ಕಡೆಯ ಕೆಲವರ ಜೊತೆ ಕಾಲಾಳಾಗೇ ನುಗ್ಗಿದ. ಗುರಾಣಿ ಮೇಲಿದ್ದ ಸಿಗ್ಮಾ, ಅಂದ್ರೆ ಸಿಕಿಯೋನ್‌ನ ಮೊದಲಕ್ಷರ ನೋಡಿ ಎದುರಾಳಿ ಆರ್ಗೋಸ್‌ನವರು ಇವರು ಸಿಕಿಯೋನಿನವರೇ ಅಂದ್ಕೊಂಡು ಹೆದರ್ಲೇ ಇಲ್ಲ. ಪಾಪ ಅವನೂ ಅಲ್ಲೇ ಸತ್ತ, ಅದು ಬೇರೆ ಮಾತು. ಥೀಬ್ಸ್‌ನವರದ್ದು ಗ್ರೀಕ್ ಪುರಾಣದ ವೀರ ಹೆರಾಕ್ಲಿಸ್‌ನ ಗದೆ ಗುರುತು, ಕ್ರಿ.ಪೂ. 362ರ ಮಾಂಟಿನಿಯಾ ಯುದ್ಧಕ್ಕೆ ಮುಂಚೆ ಆರ್ಕೇಡಿಯಾದವರೂ ತಾವೇ ಥೀಬ್ಸ್‌ನವರು ಅನ್ನೋ ಹಂಗೆ ಗದೆ ಬರ್ಕೊಂಡ್ರಂತೆ.

ಹಂಗಾಗಿ ಮೊಮ್ಮಗನಿಗೆ ಹೇಳಿ, 480ರ ಸೈನ್ಯ ಆದ್ರೆ ಒಂದು ಗುರಾಣಿಗೆ ಹುಂಜ, ಒಂದಕ್ಕೆ ಹಾವು, ಒಂದಕ್ಕೆ ಬರೀ ವೃತ್ತ, ಕೆಲವಕ್ಕೆ ಏನೂ ಇಲ್ದೆ ಬರೀ ಕಂಚಿನ ಹೊಳಪು. ಸಿಂಹ ಬರೆಯೋಕೆ ಬರಲ್ಲ ಅಂತ ಅವನು ಗೊಣಗಿದ್ರೆ ಗ್ರೀಕ್ ಲೇಖಕ ಪ್ಲೂಟಾರ್ಕ್ ಹೇಳಿರೋ ಈ ಕತೆ ಹೇಳಿ: ಸ್ಪಾರ್ಟಾದವನೊಬ್ಬ ಗುರಾಣಿ ಮೇಲೆ ಒಂದು ನೊಣ ಬರೆಸ್ಕೊಂಡಿದ್ದ, ನಿಜವಾದ ನೊಣ ಎಷ್ಟಿರುತ್ತೋ ಅಷ್ಟೇ. ಯಾರ ಕಣ್ಣಿಗೂ ಬೀಳ್ಬಾರ್ದು ಅಂತ ತಾನೇ ಅಂತ ಜನ ಆಡ್ಕೊಂಡ್ರೆ, ಶತ್ರು ಮೂತಿ ಹತ್ರಕ್ಕೇ ಹೋಗ್ತೀನಿ, ಅವರಿಗೆ ಸರಿಯಾಗೇ ಕಾಣ್ಸುತ್ತೆ ಅಂದನಂತೆ. 28 ಎಂಎಂ ಗೊಂಬೇಲಿ ಆ ನೊಣ ಬರೀ ಒಂದು ಕಪ್ಪು ಚುಕ್ಕೆ, ಅದೂ ಕಂಡ್ರೆ ಪುಣ್ಯ.

ಕಂಚಿನ ಬಗ್ಗೆ ಒಂದು ಮಾತು. ಮ್ಯೂಸಿಯಂನಲ್ಲಿ ಹಸಿರು ಹಿಡಿದಿರೋ ಶಿರಸ್ತ್ರಾಣ ನೋಡಿ ಅದೇ ಹಸಿರು ಬಳಿಯೋರು ಇದಾರೆ, ಅದು ಎರಡು ಸಾವಿರ ವರ್ಷ ಮಣ್ಣಲ್ಲಿ ಬಿದ್ದಿದ್ದಕ್ಕೆ ಬಂದ ಬಣ್ಣ. ಯುದ್ಧಕ್ಕೆ ಹೊರಟವನು ತಿಕ್ಕಿ ಬೆಳಗಿಸ್ಕೊಂಡೇ ಹೋಗ್ತಿದ್ದ. ಕಡು ಕಂದು ಬಳೀರಿ, ಮೇಲೆ ಕಂಚಿನ ಮೆಟಾಲಿಕ್, ಮೇಲೊಂದು ಕಂದು ವಾಶ್ (ನೀರಾಗಿ ಕಲಸಿದ ಬಣ್ಣ), ಅದು ಸಂದೀಲಿ ಇಳಿದು ಒಣಗಿದ ಮೇಲೆ ಅಂಚಿಗೆ ಮಾತ್ರ ಚೂರು ಚಿನ್ನದ ಬಣ್ಣ.

ಪ್ರಶ್ನೆ: ಅಣ್ಣಾ, ಗೊಂಬೆ ನಿಲ್ಲಿಸೋ ಬಿಲ್ಲೆ ಇದ್ಯಲ್ಲ, ಆ ಬೇಸ್‌ಗೆ ನಮ್ಮ ತೋಟದ ಮಣ್ಣೇ ಹಾಕ್ಲಾ? ಫಿಲ್ಟರ್‌ನಲ್ಲಿ ಉಳಿಯೋ ಕಾಫಿ ಚರಟ ಒಣಗ್ಸಿ ಹಾಕಿದ್ರೆ ನೆಲದ ತರಾನೇ ಕಾಣುತ್ತೆ ಅಂತಾರೆ, ನಮ್ಮನೇಲಿ ಅದಕ್ಕೇನೂ ಬರ ಇಲ್ಲ.
— ಕಾಲೇಜು ವಿದ್ಯಾರ್ಥಿನಿ, ಚಿಕ್ಕಮಗಳೂರು

ಉತ್ತರ: ನೋಡಮ್ಮ, ಬಂದ ಪತ್ರಗಳಲ್ಲಿ ಬೇಸ್ ಬಗ್ಗೆ ಕೇಳಿರೋದು ನೀನೊಬ್ಳೇ, ಉಳಿದೋರೆಲ್ಲ ಗೊಂಬೆ ಬಗ್ಗೆನೇ ಕೇಳಿದಾರೆ. ನನ್ನ ಕೇಳಿದ್ರೆ ಅರ್ಧ ಸೈನ್ಯ ಇರೋದೇ ಬೇಸ್‌ನಲ್ಲಿ. ಬಣ್ಣ ಸುಮಾರಾಗಿದ್ದು ನೆಲ ಚೆನ್ನಾಗಿದ್ರೆ ಟೇಬಲ್ ಮೇಲೆ ಸೈನ್ಯ ಎದ್ದು ಕಾಣುತ್ತೆ, ಗೊಂಬೆ ಎಷ್ಟೇ ಚೆಂದ ಇರ್ಲಿ ಕೆಳಗೆ ಬರೀ ಹಸಿರು ಪೇಂಟ್ ಬಳಿದ್ರೆ ಅಂಗಡಿ ಆಟದ ಸಾಮಾನೇ.

ನಿಮ್ಮ ತೋಟದ ಮಣ್ಣು ಕೆಂಪು, ಮೇಲೆ ಹಸಿರೋ ಹಸಿರು. ಅಥೆನ್ಸ್ ಸುತ್ತ ಇರೋ ಅಟ್ಟಿಕಾ ಹಂಗಿಲ್ಲ, ಸುಣ್ಣಕಲ್ಲಿನ ಗುಡ್ಡ, ತೆಳು ಮಣ್ಣು, ಆಲಿವ್ ಮರ, ಕುರುಚಲು ಗಿಡ. ಅದರ ಜೊತೆಗೆ ಅವರು ಯುದ್ಧಕ್ಕೆ ಹೊರಡ್ತಿದ್ದಿದ್ದೇ ಹೆಚ್ಚಾಗಿ ಬೇಸಿಗೇಲಿ, ಪೆಲೊಪೊನೀಸಿಯನ್ ಯುದ್ಧ ಶುರುವಾದ ಕ್ರಿ.ಪೂ. 431ರಲ್ಲಿ ಸ್ಪಾರ್ಟಾದವರು ಅಟ್ಟಿಕಾಕ್ಕೆ ನುಗ್ಗಿದ್ದು ಪೈರು ಹಣ್ಣಾಗೋ ಹೊತ್ತಿಗೆ ಅಂತ ಆ ಯುದ್ಧದ ಇತಿಹಾಸ ಬರೆದ ಥುಸಿಡಿಡೀಸ್ ಲೆಕ್ಕ ಇಟ್ಟಿದಾನೆ. ಅಂದ್ರೆ ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗಿರಬೇಕು. ಮುಳ್ಳಯ್ಯನಗಿರಿ ಆಗಸ್ಟ್‌ನಲ್ಲಿ ಹೆಂಗಿರುತ್ತೋ ಹಂಗಲ್ಲ, ಮಾರ್ಚ್‌ನಲ್ಲಿ ಹೆಂಗಿರುತ್ತೋ ಹಂಗೆ.

ಕಾಫಿ ಚರಟ ಹಾಕ್ಬೋದು, ತುಂಬಾ ಜನ ಹಾಕ್ತಾರೆ, ಆದ್ರೆ ಚೂರೇ ಚೂರು ಹಸಿ ಉಳಿದ್ರೂ ಬೂಷ್ಟು ಬರುತ್ತೆ, ನಿಮ್ಮೂರ ಮಳೇಲಿ ಕೇಳೋದೇ ಬೇಡ, ಒಂದಿನ ಬೆಳಗ್ಗೆ ಸೈನಿಕರ ಕಾಲ ಕೆಳಗೆ ಬಿಳಿ ಕೂದಲು ಬೆಳೆದಿರುತ್ತೆ. ಬಿಸಿಲಲ್ಲಿ ಒಣಗ್ಸಿ ಆಮೇಲೆ ಬಾಣಲೇಲಿ ಸಣ್ಣ ಉರಿಗೆ ಚೆನ್ನಾಗಿ ಹುರಿದು, ಅಂಟಿಸಿದ ಮೇಲೆ ಮೇಲೊಂದು ಕೋಟ್ ವಾರ್ನಿಶ್ ಕೊಡೋ ತಾಳ್ಮೆ ಇದ್ರೆ ಮಾತ್ರ ಹಾಕು. ರವೆ ಹಾಕು ಅಂತ ಯಾರಾದ್ರೂ ಹೇಳಿದ್ರೆ ಮಾತ್ರ ಕೇಳ್ಬೇಡ, ಹುಳ ಬರುತ್ತೆ. ಅಕ್ಕಪಕ್ಕ ಮನೆ ಕಟ್ಟೋರ ಹತ್ರ ಒಂದು ಹಿಡಿ ಮರಳು ಕೇಳಿ ತಂದು, ತೊಳೆದು ಒಣಗ್ಸಿ, ಟೀ ಸೋಸೋ ಹಳೇ ಜರಡೀಲಿ ಜರಡಿ ಹಿಡಿ. ಕೆಳಗೆ ಬಿದ್ದ ಸಣ್ಣದು ನೆಲಕ್ಕೆ, ಮೇಲೆ ಉಳಿದ ದಪ್ಪದ್ದು ಕಲ್ಲಿಗೆ.

ಫೆವಿಕಾಲ್‌ಗೆ ಚೂರು ನೀರು ಬೆರೆಸಿ ಬೇಸ್ ಮೇಲೆ ಹಚ್ಚು, ಗೊಂಬೆ ಪಾದದ ಸುತ್ತ ಹುಷಾರು, ಕಾಲ್ಬೆರಳು ಮುಚ್ಚಬಾರ್ದು. ಎರಡು ಮೂರು ದೊಡ್ಡ ಕಲ್ಲು ಇಟ್ಟು ಮರಳಲ್ಲಿ ಅದ್ದಿ, ತಟ್ಟಿ, ಒಂದು ರಾತ್ರಿ ಬಿಡು. ಮೊದಲು ಕಡು ಕಂದು, ತೆಳುವಾಗಿ, ಮರಳಿನ ಸಂದಿಗೆಲ್ಲ ಇಳೀಬೇಕು. ಒಣಗಿದ ಮೇಲೆ ದಪ್ಪ ಹಳೇ ಬ್ರಷ್‌ನಲ್ಲಿ ಆಕರ್ ಹಳದಿ ತಗೊಂಡು, ಪೇಪರ್ ಮೇಲೆ ಒರೆಸಿ ಒರೆಸಿ ಬ್ರಷ್‌ನಲ್ಲಿ ಬಣ್ಣನೇ ಇಲ್ಲ ಅನ್ನೋ ಮಟ್ಟಕ್ಕೆ ತಂದು ಮೇಲಿಂದ ಮೇಲೆ ಆಡಿಸು, ಮರಳಿನ ತಲೆಗಷ್ಟೇ ಬಣ್ಣ ಹಿಡಿಯುತ್ತೆ. ಇದೇ ಡ್ರೈಬ್ರಷ್. ಕೊನೆಗೆ ಮಾಸಲು ಬಿಳಿ, ಕಲ್ಲಿಗೆ ಸ್ವಲ್ಪ ಜಾಸ್ತಿ. ಆಮೇಲೆ ಒಣಹುಲ್ಲಿನ ಬಣ್ಣದ ಸ್ಟಾಟಿಕ್ ಗ್ರಾಸ್ (ಪುಡಿ ನಕಲಿ ಹುಲ್ಲು) ಅಲ್ಲಲ್ಲಿ, ಪೂರ್ತಿ ಹಾಸ್ಬೇಡ, ಕಾಲು ಭಾಗ ಸಾಕು. ಬೂದು ಹಸಿರಿನ ಒಂದು ಪೊದೆ ಎಲ್ಲೋ ಮೂಲೇಲಿ.

ಇನ್ನೊಂದು, ಗೊಂಬೆ ಅಂಟಿಸೋ ಮುಂಚೆ ಅಂಟಿಲ್ದೆ ಸುಮ್ನೆ ನಿಲ್ಲಿಸಿ ನೋಡು. ಹಾಪ್ಲೈಟ್‌ನ ಗುರಾಣಿ ಹೆಚ್ಚು ಕಮ್ಮಿ 90 ಸೆಂಟಿಮೀಟರ್ ಅಗಲ, ಎಡಗೈಗೆ ತೊಟ್ಟಿರ್ತಾನೆ, ಅದರ ಎಡ ಅರ್ಧ ಪಕ್ಕದವನಿಗೆ ಮರೆ. ಅದಕ್ಕೇ ಪ್ರತಿಯೊಬ್ಬನೂ ಬಲಗಡೆಯವನ ಗುರಾಣಿ ಮರೆಗೆ ಜರುಗಿ ಜರುಗಿ ಇಡೀ ಸೈನ್ಯ ಬಲಕ್ಕೆ ಸರೀತಿತ್ತು ಅಂತ ಕ್ರಿ.ಪೂ. 418ರ ಮಾಂಟಿನಿಯಾ ಯುದ್ಧದ ಬಗ್ಗೆ ಹೇಳೋವಾಗ ಥುಸಿಡಿಡೀಸ್ ಬರೀತಾನೆ. ನಾಲ್ಕು ಗೊಂಬೆನ 60 ಎಂಎಂ ಬೇಸ್ ಮೇಲೆ ಗುರಾಣಿಗೆ ಗುರಾಣಿ ತಾಗೋ ಹಂಗೆ ಒತ್ತಿ ನಿಲ್ಸಿ, ಚೂರು ಬಲಕ್ಕೆ ವಾಲ್ಸಿದ್ರೆ ಆ ಭಯ ಎಲ್ಲಾ ಅದರಲ್ಲೇ ಬಂದ್ಬಿಡುತ್ತೆ.

ಹಾಂ, ಹಸಿರೇ ಬೇಕು ಅಂದ್ರೆ ಒಂದು ದಾರಿ ಇದೆ. ಅಲೆಕ್ಸಾಂಡರ್ ಪೋರಸ್ ರಾಜನ ಮೇಲೆ ಬಂದ ಕ್ರಿ.ಪೂ. 326ರ ಝೀಲಂ ಯುದ್ಧ ಮಾಡು. ಮಳೆಗೆ ಹೊಳೆ ತುಂಬಿತ್ತು, ದಾಟಿದ ರಾತ್ರಿ ಗುಡುಗು ಮಳೆ. ಕೆಸರು, ಹಸಿ ಹುಲ್ಲು, ನೀರು ನಿಂತ ಗುಂಡಿ, ಎಲ್ಲಾ ಹಾಕ್ಬೋದು, ಆನೆ ಬೇರೆ ಸಿಗುತ್ತೆ.

ಪ್ರಶ್ನೆ: ಕಣ್ಣು ಬರೆಯೋಕೆ ಹೋಗಿ ಎಲ್ಲ ಗೊಂಬೆನೂ ಗಾಬರಿ ಬಿದ್ದಂಗೆ ಕಾಣ್ತಿವೆ. ಏನ್ ಮಾಡೋದು?
— ಓದುಗರು, ಬೇಲೂರು

ಉತ್ತರ: ಬರೀಬೇಡಿ. ಕೊರಿಂಥಿಯನ್ ಶಿರಸ್ತ್ರಾಣದಲ್ಲಿ ಮುಖ ಕಾಣೋದೇ ಒಂದು ಸೀಳಷ್ಟು, ಅಲ್ಲಿಗೆ ಕಡು ಕಂದು ವಾಶ್ ಬಿಟ್ರೆ ನೆರಳೇ ಕಣ್ಣಾಗುತ್ತೆ. ನಿಮ್ಮ ಪಕ್ಕದ ಹಳೇಬೀಡಿನ ಗುಡಿ ಬುಡದಲ್ಲಿ ಆನೆ ಸಾಲಿದ್ಯಲ್ಲ, ದೂರ ನಿಂತ್ರೆ ಅದೊಂದೇ ಪಟ್ಟಿ, ಹತ್ರ ಹೋದ್ರೆ ಒಂದರ ಹಂಗೆ ಇನ್ನೊಂದಿಲ್ಲ. ಸೈನ್ಯನೂ ಹಂಗೇ ಇರ್ಬೇಕು, ನೆಲ ಎಲ್ಲರಿಗೂ ಒಂದೇ, ಗುರಾಣಿ ಒಬ್ಬೊಬ್ಬರದ್ದು ಒಂದೊಂದು. ನೋಡೋನು ಮೂರಡಿ ದೂರ ನಿಂತಿರ್ತಾನೆ, ಕಣ್ಣುಗುಡ್ಡೆ ಯಾರೂ ಹುಡುಕಲ್ಲ.

ಪ್ರಶ್ನೆ: ಪ್ಲಾಸ್ಟಿಕ್ ಈಟಿ ಮುಟ್ಟಿದ್ರೆ ಮುರೀತವೆ, ಲೋಹದ ಗೊಂಬೆದು ಬಾಗ್ತವೆ. ಬದಲಿಗೆ ಏನು ಹಾಕೋದು, ಎಷ್ಟುದ್ದ?
— ಓದುಗರು, ಅರಸೀಕೆರೆ

ಉತ್ತರ: ಒಂದು ಎಂಎಂ ಒಳಗಿನ ಹಿತ್ತಾಳೆ ತಂತಿ ಸಿಕ್ಕಿದ್ರೆ ಒಳ್ಳೇದು. ಸ್ಟೀಲ್ ತಂತಿ ಬಾಗಲ್ಲ, ಆದ್ರೆ ತುದಿ ಕೈಗೆ ನೆಡುತ್ತೆ, ಮಕ್ಕಳಿರೋ ಮನೆಗೆ ಬೇಡ. ಅರಸೀಕೆರೇಲಿ ಕೂತು ತೆಂಗಿನ ಪೊರಕೆ ಕಡ್ಡಿ ಬಿಟ್ಟು ಬೇರೆ ಯಾಕೆ ಹುಡುಕ್ತೀರಿ, ತುದಿ ಕಡೆ ಸಣ್ಣಗಿರೋ ಭಾಗ ಕತ್ತರಿಸಿ, ಚಾಕುನಲ್ಲಿ ನಯ ಮಾಡಿ ಪ್ರೈಮರ್ ಬಳೀರಿ. ಉದ್ದಕ್ಕೆ ಲೆಕ್ಕ ಹಿಂಗೆ: 28 ಎಂಎಂ ಗೊಂಬೆ ಹೆಚ್ಚು ಕಮ್ಮಿ 56ಕ್ಕೆ ಒಂದು ಪಾಲು. ಹಾಪ್ಲೈಟ್ ಈಟಿ ಸುಮಾರು 2.4 ಮೀಟರ್ ಇಟ್ಕೊಂಡ್ರೆ 43 ಎಂಎಂ. ಫಿಲಿಪ್ ಮತ್ತೆ ಅಲೆಕ್ಸಾಂಡರ್‌ನ ಮ್ಯಾಸಿಡೋನಿಯಾದವರ ಉದ್ದ ಭರ್ಜಿ ಸಾರಿಸ್ಸಾ ಐದೂವರೆ ಮೀಟರ್ ಅಂತ ಹಿಡಿದ್ರೂ 98 ಎಂಎಂ ಆಗುತ್ತೆ, ಎರಡು ಕೈಯಲ್ಲೂ ಹಿಡೀಬೇಕು. ಡಬ್ಬದಲ್ಲಿ ಎತ್ತಿಡೋಕೆ ಮುಂಚೆ ಯಾವ ಬೇಸ್ ಹಿಂದೆ ಯಾವ್ದು ನಿಲ್ಲುತ್ತೆ ಅಂತ ತಳಕ್ಕೆ ನಂಬರ್ ಹಾಕಿ, ಇಲ್ಲಾಂದ್ರೆ ಹಿಂದಿನವನ ಭರ್ಜಿ ಮುಂದಿನವನ ಬೆನ್ನಿಗೇ.

ಪ್ರಶ್ನೆ: ಮಗ ಪಿಯುಸಿ. ಬಣ್ಣ ಸರಿ ಬರ್ಲಿಲ್ಲ ಅಂತ ನನ್ನ ನೇಲ್ ಪಾಲಿಶ್ ರಿಮೂವರ್‌ನಲ್ಲಿ ಗೊಂಬೆ ನೆನೆಸಿ ಎಲ್ಲ ಕರಗ್ಸಿಬಿಟ್ಟಿದಾನೆ, ಈಗ ಹೊಸ ಡಬ್ಬ ಬೇಕಂತೆ. ಖರ್ಚು ಕಮ್ಮೀಲಿ ಆಗೋ ದಾರಿ ಇದ್ಯಾ?
— ಗೃಹಿಣಿ, ಕಡೂರು

ಉತ್ತರ: ಅಕ್ಕ, ಬಯ್ಬೇಡಿ, ರಿಮೂವರ್‌ನಲ್ಲಿ ಸಾಮಾನ್ಯವಾಗಿ ಅಸಿಟೋನ್ ಇರುತ್ತೆ, ಈ ಗೊಂಬೆಗಳು ಪಾಲಿಸ್ಟೈರೀನ್, ಅದರಲ್ಲಿ ಕರಗೇ ಕರಗ್ತವೆ. ಅಕ್ರಿಲಿಕ್ ಬಣ್ಣ ತೆಗೆಯೋಕೆ ಮೆಡಿಕಲ್ ಶಾಪ್‌ನಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್ ಕೇಳಿ, ಒಂದು ಗೊಂಬೆ ಮಾತ್ರ ಹಾಕಿ ನೋಡಿ, ಆಮೇಲೆ ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜೋದು. ಅದು ಬೇಗ ಬೆಂಕಿ ಹತ್ತೋ ವಸ್ತು, ಕಿಟಕಿ ತೆಗೆದು, ಸ್ಟೌವ್‌ನಿಂದ ದೂರ.

ಖರ್ಚಿಗೆ ಹೇಳೋದಾದ್ರೆ 28 ಎಂಎಂ ಬಿಟ್ಟು 15 ಎಂಎಂ ಕಡೆ ಬರೋಕೆ ಹೇಳಿ. ಡಿಬಿಎ ಅಂತ ಒಂದು ಆಟ ಇದೆ, ಒಂದು ಸೈನ್ಯಕ್ಕೆ 12 ಬೇಸ್ ಅಷ್ಟೇ, 15 ಎಂಎಂನಲ್ಲಿ ಪ್ರತಿ ಬೇಸ್ 40 ಎಂಎಂ ಅಗಲ. ಹಾಪ್ಲೈಟ್ ಬೇಸ್‌ಗೆ ನಾಲ್ಕು ಗೊಂಬೆ, ಒಟ್ಟು 50ರ ಒಳಗೇ ಮುಗಿಯುತ್ತೆ, ಟೇಬಲ್ಲೂ ಎರಡಡಿಗೆ ಎರಡಡಿ ಇದ್ರೆ ನಡೆಯುತ್ತೆ. ಬಣ್ಣನೂ ಹತ್ತು ಹದಿನೈದು ಬಾಟ್ಲಿ ಬೇಡ, ಕಪ್ಪು, ಬಿಳಿ, ಕಡು ಕಂದು, ಆಕರ್, ಕೆಂಪು, ನೀಲಿ, ಮೈಬಣ್ಣ, ಕಂಚು, ಇಷ್ಟರಲ್ಲಿ ಇಡೀ ಅಥೆನ್ಸ್ ಎದ್ದು ನಿಲ್ಲುತ್ತೆ. ಪೋಸ್ಟರ್ ಕಲರ್ ಮಾತ್ರ ಬೇಡ, ಮೇಲೆ ವಾಶ್ ಹಚ್ಚಿದ ತಕ್ಷಣ ಕೆಳಗಿಂದು ಕದಡಿಹೋಗುತ್ತೆ. ಮೊದಲ ನಾಲ್ಕು ಬೇಸ್ ಮುಗಿಸಿ ತೋರಿಸ್ಲಿ, ಆಮೇಲೆ ಉಳಿದ ಎಂಟಕ್ಕೆ ದುಡ್ಡು ಕೊಡಿ. ಆ ರಿಮೂವರ್ ಬಾಟ್ಲಿ ದುಡ್ಡು ಅದರಲ್ಲೇ ಮುರ್ಕೊಳಿ.